ವಾಚಕರ ಓಲೆ: ಉಪೇಕ್ಷಿತವಾದ ಒಂದು ಗದ್ಯಪ್ರಕಾರ

ಕ್ರಿ.ಶ. 850ರ ಸುಮಾರಿಗೆ ರಚಿತವಾದ ಕವಿರಾಜಮಾರ್ಗದಲ್ಲಿ ಶ್ರೀವಿಜಯನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದ ಕನ್ನಡ ನಾಡನ್ನು ಬಣ್ಣಿಸುವಾಗ, ಅಲ್ಲಿನ ಜನರ ಮಾತಿನ ಹದವನ್ನು ವಿಶೇಷವಾಗಿ ಮೆಚ್ಚಿಕೊಂಡಿದ್ದಾನೆ. ಹದವರಿತು ನುಡಿಯಬಲ್ಲವರು, ನುಡಿದುದನ್ನು ಅರಿತು ತೂಗಬಲ್ಲವರು, ಶಾಸ್ತ್ರವನ್ನು ಕ್ರಮವಾಗಿ ಓದದಿದ್ದರೂ ಕಾವ್ಯದ ಮರ್ಮವನ್ನು ಬಲ್ಲವರು ಎಂದು ಅವರನ್ನು ಹೊಗಳಿ, ಕಿರುಮಕ್ಕಳು ಮೂಗರು ಸಹ ವಿವೇಕವನ್ನು ತಿಳಿಯಬಲ್ಲರೆನ್ನುತ್ತಾನೆ. ಈ ಭಾಗವನ್ನು ನಾಡಿನ ಹೆಮ್ಮೆಯ ಮಾತಾಗಿ ವೇದಿಕೆಗಳಲ್ಲಿ ಉದ್ಧರಿಸುವುದು ರೂಢಿ. ಆದರೆ ಅದರಿಂದ ಸಹಜವಾಗಿ ಹುಟ್ಟಬೇಕಾದ ಒಂದು ಪ್ರಶ್ನೆಯನ್ನು ಕೇಳುವವರು ವಿರಳ. ಕುರಿತೋದದ ಆ ಜನ ಕಾವ್ಯವನ್ನು ಕುರಿತು, ಮಳೆಬೆಳೆಯನ್ನು ಕುರಿತು, ಅರಸನ ತೆರಿಗೆಯನ್ನು ಕುರಿತು ಆಡಿಕೊಂಡದ್ದೇನು? ಅವರ ಅಭಿಪ್ರಾಯಗಳು ಎಲ್ಲಿ ಉಳಿದಿವೆ?

ಬಹುಪಾಲು ಎಲ್ಲಿಯೂ ಉಳಿದಿಲ್ಲ. ಶಾಸನಗಳು ದಾನಿಯನ್ನು ನೆನೆದವು, ವೀರಗಲ್ಲುಗಳು ಸತ್ತವನನ್ನು ನೆನೆದವು, ಕಾವ್ಯಗಳು ಆಶ್ರಯದಾತನನ್ನು ನೆನೆದವು. ಜಗಲಿಯ ಮೇಲೆ, ಅರಳಿಕಟ್ಟೆಯ ಮೇಲೆ, ಕಣದಲ್ಲಿ, ಕೆರೆಯ ಸೋಪಾನದಲ್ಲಿ ಆಡಿದ ಮಾತು ಆಡಿದಲ್ಲಿಯೇ ಕರಗಿತು. ಅದಕ್ಕೆ ‘ಹರಟೆ’ ಎಂಬ ಹೆಸರೊಂದು ಮಾತ್ರ ಉಳಿದು, ಆ ಹೆಸರಿಗೂ ಕೊಂಚ ತಿರಸ್ಕಾರದ ಛಾಯೆ ಅಂಟಿಕೊಂಡಿತು. ಸಾಮಾನ್ಯನೊಬ್ಬನು ತನಗೆ ತೋಚಿದ್ದನ್ನು ತನ್ನ ಹೆಸರಿನಲ್ಲಿಯೇ, ಅಪರಿಚಿತರು ಓದುವಂತೆ ಬರೆಯುವ ಅವಕಾಶ ಕನ್ನಡದಲ್ಲಿ ಒದಗಿದ್ದು ವೃತ್ತಪತ್ರಿಕೆ ಬಂದ ಮೇಲೆ. ಸಂಪಾದಕರಿಗೆ ಬರೆಯುವ ಓಲೆಯನ್ನು ಗದ್ಯಸಾಹಿತ್ಯದ ಒಂದು ಪ್ರಕಾರವೆಂದು ಪರಿಗಣಿಸಿ ಪಾಠ ಹೇಳುವುದು ಯುಕ್ತವೆಂಬುದಕ್ಕೆ ಇಷ್ಟು ಕಾರಣವೇ ಸಾಕು.

ಬೆಂಗಳೂರಿನ ದಂಡು ಪ್ರದೇಶದ ನಿದರ್ಶನದಿಂದ ಈ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಬ್ರಿಟಿಷ್ ಸೈನ್ಯ ಬೆಂಗಳೂರಿಗೆ ಸಾಗಿ, 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ದಂಡು ನೆಲೆಗೊಂಡಿತು. 1881ರಲ್ಲಿ ಸಂಸ್ಥಾನವನ್ನು ಮೈಸೂರಿನ ಅರಸರಿಗೆ ಹಿಂದಿರುಗಿಸಿದಾಗಲೂ ಈ ಪ್ರದೇಶವು ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಮತ್ತೆ ಮೈಸೂರಿಗೆ ಸೇರಿದ್ದು 1947ರ ಜುಲೈಯಲ್ಲಿ. ಪೇಟೆ ದಂಡುಗಳೆರಡೂ ಒಂದೇ ಕಾರ್ಪೊರೇಷನ್ನಿನ ಅಡಿಯಲ್ಲಿ ಬಂದದ್ದು 1949ರಲ್ಲಿ. ಇಂಗ್ಲಿಷು, ತಮಿಳು, ಉರ್ದು, ತೆಲುಗುಗಳು ಅಲ್ಲಿನ ಬೀದಿಗಳಲ್ಲಿ ಮೊಳಗುತ್ತಿದ್ದಾಗ ಕನ್ನಡವು ತನ್ನ ನೆಲದಲ್ಲಿಯೇ ಅತಿಥಿಯಂತೆ ಇತ್ತು.

1896ರಲ್ಲಿ ಈ ದಂಡಿಗೆ ಬಂದ ತರುಣ ಸೈನ್ಯಾಧಿಕಾರಿ ವಿನ್‌ಸ್ಟನ್ ಚರ್ಚಿಲ್ಲನು ಬೆಂಗಳೂರಿನಿಂದ ತನ್ನ ತಾಯಿಗೆ ಬರೆದ ಕಾಗದಗಳು ಭದ್ರವಾಗಿ ಉಳಿದು ಅಚ್ಚಾಗಿವೆ. ಊರಿನ ಹವೆ, ತನ್ನ ಓದು, ಆಟ, ಬೇಸರ ಎಲ್ಲವನ್ನೂ ಕುರಿತ ಅವನ ಲಘುವಾದ ಅಭಿಪ್ರಾಯಗಳು ಇಂದಿಗೂ ಓದಲು ದೊರೆಯುತ್ತವೆ. ಅವನ ಕುದುರೆಯನ್ನು ತಿಕ್ಕಿದವನು, ಅವನಿಗೆ ಅಡಿಗೆ ಮಾಡಿದವನು ಆ ಇಪ್ಪತ್ತೆರಡರ ದೊರೆಯನ್ನು ಕುರಿತು ಸಂಜೆ ಮನೆಗೆ ಹೋಗಿ ಏನು ಹೇಳಿದರೆಂಬುದು ಮಾತ್ರ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಅವರಿಗೆ ಅಭಿಪ್ರಾಯವಿರಲಿಲ್ಲವೆಂದು ಯಾರು ನಂಬುತ್ತಾರೆ!

1948ನೆಯ ಇಸವಿಯಲ್ಲಿ ದಂಡಿನ ಸೌತ್ ಪೆರೇಡ್ ರಸ್ತೆಗೆ ಮಹಾತ್ಮ ಗಾಂಧಿ ರಸ್ತೆಯೆಂದು ಹೆಸರಾಯಿತು. ಅದೇ ವರ್ಷ, ಅದೇ ರಸ್ತೆಯಿಂದ, ಕೆ. ಎನ್. ಗುರುಸ್ವಾಮಿಯವರು ‘ಪ್ರಜಾವಾಣಿ’ಯನ್ನು ಹೊರಡಿಸಿದರು. ಅದರ ಮೊದಲ ಸಂಪಾದಕರಾದ ಬಿ. ಪುಟ್ಟಸ್ವಾಮಯ್ಯನವರು ಮುಂದೆ ಕಲ್ಯಾಣದ ಶರಣಯುಗವನ್ನು ಚಿತ್ರಿಸಿದ ‘ಕ್ರಾಂತಿ ಕಲ್ಯಾಣ’ಕ್ಕಾಗಿ 1964ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವರೆಂಬುದು ಈ ಸಂಚಿಕೆಯ ವಾಚಕರಿಗೆ ಪ್ರಿಯವಾದ ಸಂಗತಿಯಾದೀತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿಯೇ ಹೊರಟಿತ್ತು. ಮೈಸೂರು ಸಂಸ್ಥಾನದಲ್ಲಿ 1908ರ ಪತ್ರಿಕಾ ನಿಬಂಧನೆಯನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ದೂ ಉಂಟು. ಆದರೆ ದಂಡಿನ ಹೃದಯದಂತಿದ್ದ ಬೀದಿಯೊಂದಕ್ಕೆ ಹಳ್ಳಿಹಳ್ಳಿಗಳಿಂದ ಕನ್ನಡದ ಕಾರ್ಡುಗಳು ಬಂದು ಬೀಳತೊಡಗಿ, ‘ವಾಚಕರ ವಾಣಿ’ ಎಂಬ ಶೀರ್ಷಿಕೆಯ ಕೆಳಗೆ ಅಚ್ಚಾಗತೊಡಗಿದ್ದು ಸಾಮಾನ್ಯ ಬದಲಾವಣೆಯಲ್ಲ. ಯಾವ ನೆಲದಲ್ಲಿ ಕುದುರೆಯಾಳಿನ ಮಾತು ಕಾಗದಕ್ಕಿಳಿಯಲಿಲ್ಲವೋ ಅದೇ ನೆಲದಲ್ಲಿ ಒಬ್ಬ ಗುಮಾಸ್ತೆಯ, ಒಬ್ಬ ಗೃಹಿಣಿಯ, ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟರ ಮಾತು ಮಂತ್ರಿಯ ಭಾಷಣದಷ್ಟೇ ಕಪ್ಪಾದ ಮಸಿಯಲ್ಲಿ ಮೂಡಿತು.

ಅಂಚೆಯ ಕಾರ್ಡಿಗೂ ಇಲ್ಲಿ ಋಣವಿದೆ. ನಮ್ಮ ದೇಶದಲ್ಲಿ 1879ರಲ್ಲಿ ಕಾಲಾಣೆಯ ಬೆಲೆಗೆ ಬಂದ ಈ ಕಾರ್ಡು ಬಡವನ ಲೇಖನಪೀಠವಾಯಿತು. ಅದರಲ್ಲಿರುವ ಜಾಗ ಅಂಗೈಯಗಲ. ಪೀಠಿಕೆ ಹಾಕಲು, ಹಿರಿಯರನ್ನು ಸ್ತುತಿಸಲು, ಅಲಂಕಾರ ಜೋಡಿಸಲು ಅಲ್ಲಿ ಎಡೆಯಿಲ್ಲ. ಪಂಡಿತರು ವರ್ಷಗಟ್ಟಲೆ ಓದಿ ಕಲಿಯುವ ಮಿತವಾಕ್ಕನ್ನು ಆ ಕಾರ್ಡು ಒಂದು ಮಧ್ಯಾಹ್ನದಲ್ಲಿ ಕಲಿಸುತ್ತಿತ್ತು.

‘ಅಭಿಪ್ರಾಯ’ ಎಂಬ ಪದವನ್ನು ಇಲ್ಲಿ ಬಿಡಿಸಿ ನೋಡಬಹುದು. ‘ಅಭಿ’, ‘ಪ್ರ’ ಎಂಬ ಎರಡು ಉಪಸರ್ಗಗಳು. ಗತ್ಯರ್ಥದ ‘ಇ’ ಧಾತು. ಮನಸ್ಸು ಯಾವುದರ ಕಡೆಗೆ ಸಾಗುತ್ತಿದೆಯೋ ಅದು ಅಭಿಪ್ರಾಯ. ಸಾಗುತ್ತಿದೆ, ತಲಪಿಲ್ಲ. ತಲಪಿದ್ದಕ್ಕೆ ಶಾಸ್ತ್ರಕಾರರು ಇಟ್ಟ ಹೆಸರು ‘ನಿರ್ಣಯ’. ಈ ಎರಡನ್ನೂ ಬೆರಸುವುದರಿಂದಲೇ ಲೋಕದಲ್ಲಿ ಅರ್ಧದಷ್ಟು ಕಲಹಗಳು ಹುಟ್ಟುತ್ತವೆ. ಗೌತಮನ ನ್ಯಾಯಸೂತ್ರಗಳು ಇಬ್ಬರ ನಡುವಣ ಮಾತುಕತೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿವೆ. ಪ್ರಮಾಣವನ್ನು ಆಶ್ರಯಿಸಿ ತತ್ತ್ವವನ್ನು ಅರಿಯಲೆಂದು ಆಡುವುದು ವಾದ. ಛಲದಿಂದಲಾದರೂ ಸರಿ, ಗೆಲ್ಲಬೇಕೆಂದು ಆಡುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯದನ್ನು ಕೆಡಹುವುದೊಂದೇ ಗುರಿಯಾದದ್ದು ವಿತಂಡ. ಸಾಹಿತ್ಯದ ಚರ್ಚೆಗೂ ಕೊಳಾಯಿಯ ನೀರಿನ ಚರ್ಚೆಗೂ ಈ ವಿಂಗಡಣೆ ಒಂದೇ ರೀತಿ ಹೊಂದುತ್ತದೆ.

ಪಾಠಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸೋಣ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುವು. ಇದನ್ನು ಕಂಡ ವಾಚಕನೊಬ್ಬನು ಹೀಗೆ ಬರೆದನೆನ್ನಿ: ‘ಊರು ಹಾಳಾಗಿದೆ. ಅಧಿಕಾರಿಗಳೆಲ್ಲ ನಿದ್ರಿಸುತ್ತಿದ್ದಾರೆ. ಹಿಂದಿನ ಕಾಲವೇ ಚೆನ್ನಾಗಿತ್ತು.’ ಕೋಪ ಸಹಜ, ವ್ಯಾಕರಣವೂ ಶುದ್ಧ. ಆದರೆ ಇದು ವಿತಂಡ. ಕೆರೆಯ ಹೆಸರನ್ನು ತೆಗೆದು ಆಸ್ಪತ್ರೆಯ ಹೆಸರನ್ನೋ ಬಸ್ಸಿನ ಹೆಸರನ್ನೋ ಇಟ್ಟರೂ ಓಲೆ ಹಾಗೆಯೇ ನಿಲ್ಲುತ್ತದೆ. ಇನ್ನೊಬ್ಬನು ಬರೆಯುತ್ತಾನೆ: ‘ನಾನು ದಿನವೂ ಬೆಳಗಿನ ಆರು ಗಂಟೆಗೆ ಕೆರೆಯ ದಂಡೆಯಲ್ಲಿ ನಡೆಯುವವನು. ಮೂರು ದಿನಗಳಿಂದ ಬೆಳಗಿನ ಹೊತ್ತು ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದುವು. ಹೊತ್ತೇರಿದ ಮೇಲೆ ಕಾಣುತ್ತಿರಲಿಲ್ಲ. ನೀರಿನ ಬಣ್ಣ ಹಸುರಾಗಿತ್ತು. ಕೊಳಚೆ ಬಂದು ಸೇರುವ ಮೂಲೆಯಲ್ಲಿ ಇದು ಹೆಚ್ಚು.’ ಈತನು ಯಾರನ್ನೂ ಬೈದಿಲ್ಲ. ಆದರೂ ಇವನ ಓಲೆ ಎಚ್ಚರದಿಂದ ಓದುವವನಿಗೆ ಕಾರಣವನ್ನೇ ಒಪ್ಪಿಸುತ್ತದೆ. ಕೊಳಚೆಯಲ್ಲಿನ ಜೈವಿಕ ದ್ರವ್ಯವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತವೆ. ಕೊಳಚೆಯ ಸಾರವನ್ನುಂಡು ಬೆಳೆದ ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಕೊಟ್ಟರೂ ರಾತ್ರಿಯೆಲ್ಲ ಅದನ್ನು ತಾನೂ ಬಳಸುತ್ತದೆ. ಆದುದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ಅತ್ಯಲ್ಪವಾಗಿರುತ್ತದೆ. ಬೇಸಗೆಯ ಬೆಚ್ಚನೆಯ ನೀರು ಅದನ್ನು ಮೊದಲೇ ಕಡಮೆ ಹಿಡಿದಿಡುತ್ತದೆ. ರಸಾಯನಶಾಸ್ತ್ರದ ಗಂಧವಿಲ್ಲದ ವಾಯುವಿಹಾರಿಯ ನಾಲ್ಕು ಸಾಲು ಇಷ್ಟಕ್ಕೆಲ್ಲ ಸಾಕ್ಷಿಯಾಗಬಲ್ಲದು. ಅವನು ಹೊತ್ತನ್ನು ಹೇಳಿದ್ದಾನೆ, ಮೂಲೆಯನ್ನು ಹೇಳಿದ್ದಾನೆ, ತಾನು ಕಂಡದ್ದನ್ನು ಮಾತ್ರ ಹೇಳಿದ್ದಾನೆ. ಪ್ರತ್ಯಕ್ಷವು ಪ್ರಮಾಣಗಳಲ್ಲಿ ಮೊದಲನೆಯದೆಂದು ತರ್ಕಪಾಠದಲ್ಲಿ ಬಾಯಿಪಾಠ ಮಾಡುವವರು ಅದರ ಬೆಲೆಯನ್ನು ಇಲ್ಲಿ ಕಾಣಬಹುದು.

ಸಂಸ್ಕೃತಿಯ ವಿಷಯದಲ್ಲಿ ಅಭಿಪ್ರಾಯ ಇನ್ನೂ ಸುಲಭವಾಗಿ ದಾರಿ ತಪ್ಪುತ್ತದೆ. ಸ್ಥಳನಾಮಗಳನ್ನು ನೋಡಿ. ಹಲಸಿನ ತೋಪಿನಿಂದ ಹಲಸೂರಾಯಿತೆನ್ನುವುದು ವಾಡಿಕೆ, ಕಿವಿಗೆ ಒಪ್ಪುತ್ತದೆ. ಇಂದಿನ ಶಿವಾಜಿನಗರವು ಹಿಂದೆ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿತ್ತು. ಅದು ‘ಬಿಳಿ ಅಕ್ಕಿ ಪಳ್ಳಿ’ಯ ಅಪಭ್ರಂಶವೆನ್ನುವವರುಂಟು. ಆ ಅಕ್ಕಿ ಬತ್ತದ ಅಕ್ಕಿಯೋ, ಹಕ್ಕಿಯೋ ಎಂಬುದರಲ್ಲಿ ಮತ್ತೆ ಭೇದ! ದಂಡಿನ ನಕ್ಷೆ ಹಾಕಿದ ಬ್ಲ್ಯಾಕಿಸ್ಟನ್ ಎಂಬ ಸೈನಿಕ ಶಿಲ್ಪಿಯ ಹೆಸರಿನಿಂದ ಬಂತೆನ್ನುವವರೂ ಉಂಟು. ಇವೆಲ್ಲ ಅಭಿಪ್ರಾಯಗಳು, ಹಾಗೆಂದು ಹೇಳಿಯೇ ಬರೆದರೆ ಸೊಗಸಾದ ಓಲೆಗಳಾಗುತ್ತವೆ. ಬೆಂಗಳೂರಿನ ವಿಷಯ ಹಾಗಲ್ಲ. ಬೆಂದ ಕಾಳು ತಿಂದ ಹೊಯ್ಸಳ ಬಲ್ಲಾಳನ ಕಥೆಯನ್ನು ಎಷ್ಟು ರಸವತ್ತಾಗಿ ಹೇಳಿದರೂ, ಕ್ರಿ.ಶ. 890ರ ಸುಮಾರಿನ ಬೇಗೂರಿನ ವೀರಗಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸಿರುವುದರಿಂದ ಆ ಕಥೆ ಅಲ್ಲಿಯೇ ಮುಗಿಯುತ್ತದೆ. ಬಲ್ಲಾಳ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಊರಿಗೆ ಹೆಸರಿತ್ತು. ಈಗಲೂ ಆ ಕಾಳಿನ ಕಥೆಯನ್ನು ಇತಿಹಾಸವೆಂದು ಬರೆಯುವ ವಿದ್ಯಾವಂತರಿಗೆ ಏನೆನ್ನಬೇಕು? ಕಥೆಯನ್ನು ಕಥೆಯೆಂದೇ ಹೇಳಲಿ. ಯಾರ ಆಕ್ಷೇಪವೂ ಇಲ್ಲ.

ಒಂದೇ ಅಭಿಪ್ರಾಯದಲ್ಲಿ ನಿಜವೂ ಸುಳ್ಳೂ ಕೂಡಿಕೊಂಡಿರುವುದೂ ಉಂಟು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ವಿಜ್ಞಾನಿಗಳು ಉಪಕರಣಗಳೊಂದಿಗೆ ಆ ಸೀಮೆಗೆ ಧಾವಿಸಿದರು. ಜನ ಬಾಗಿಲು ಹಾಕಿಕೊಂಡರು. ‘ಗ್ರಹಣದಲ್ಲಿ ಹೊರಗೆ ಬರಬಾರದು, ಸೂರ್ಯನನ್ನು ನೋಡಬಾರದು, ಅಡಿಗೆ ಕೆಡುತ್ತದೆ’ ಎಂದು ಮನೆಯ ಹಿರಿಯರು ಒಂದೇ ಉಸಿರಿನಲ್ಲಿ ಹೇಳುವ ಮಾತಿನಲ್ಲಿ ಮೂರು ವಾಕ್ಯಗಳಿವೆ. ನಡುವಣದು ನಿಜ: ಸೂರ್ಯಬಿಂಬ ಕಿಂಚಿತ್ತಾದರೂ ತೋರುತ್ತಿರುವಾಗ ಬರಿಗಣ್ಣಿನಿಂದ ನೋಡಿದರೆ ಅಕ್ಷಿಪಟಕ್ಕೆ ಗಾಯವಾಗುತ್ತದೆ, ಆ ಗಾಯ ನೋವನ್ನೂ ಕೊಡುವುದಿಲ್ಲ. ಅಡಿಗೆಯ ಮಾತು ನಿಜವಲ್ಲ. ಚಂದ್ರನ ನೆರಳಿಗೂ ಮೋಡದ ನೆರಳಿಗೂ ಅನ್ನದ ಪಾಲಿಗೆ ವ್ಯತ್ಯಾಸವಿಲ್ಲ. ಹೊರಗೆ ಬರುವುದೂ ಅಪಾಯವಲ್ಲ. ಅಜ್ಜಿಯ ಮಾತನ್ನು ಇಡಿಯಾಗಿ ನಗುವವನೂ ಇಡಿಯಾಗಿ ನಂಬುವವನೂ ಇಲ್ಲಿ ಸಮಾನ ದೋಷಿಗಳು. ಮೂರನ್ನೂ ಬಿಡಿಬಿಡಿಯಾಗಿ ತೂಗಿದ ಓಲೆಯೇ ವಾದವೆನಿಸುವುದು.

ಓಲೆಯ ಹಿರಿಯಣ್ಣನಂತಿರುವ ಲಲಿತಪ್ರಬಂಧ ಮತ್ತು ಅಂಕಣಗಳಿಗೆ ಸಾಹಿತ್ಯಚರಿತ್ರೆಯಲ್ಲಿ ಮನ್ನಣೆ ದೊರೆತಿದೆ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಪಠ್ಯವಾಗಿ ಬೆಳೆದ ತಲೆಮಾರುಗಳಿವೆ. 1965ರಲ್ಲಿ ಅದೇ ಮಹಾತ್ಮ ಗಾಂಧಿ ರಸ್ತೆಯಿಂದ ಹೊರಟ ‘ಸುಧಾ’ ವಾರಪತ್ರಿಕೆಯಲ್ಲಿ ಬೀಚಿಯವರು ವಾಚಕರ ಪ್ರಶ್ನೆಗಳಿಗೆ ಕೊಡುತ್ತಿದ್ದ ಚುಟುಕು ಉತ್ತರಗಳಿಗಾಗಿ ಜನ ಕಾಯುತ್ತಿದ್ದರು. ಹಾ. ಮಾ. ನಾಯಕರ ಅಂಕಣಬರಹಗಳ ‘ಸಂಪ್ರತಿ’ಗೆ 1989ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ತಮ್ಮ ಓಲೆಗೆ ಅಂಥ ಪೀಠ ಬೇಕೆಂದು ಯಾವ ವಾಚಕನೂ ಕೇಳಿಲ್ಲ. ಅವನು ಕೇಳಿದ್ದು ಎರಡಂಗುಲ ಜಾಗವನ್ನು. ಅದಕ್ಕೆ ಪ್ರತಿಯಾಗಿ ಕೊಟ್ಟದ್ದು ತನ್ನ ಹೆಸರನ್ನೂ ಊರನ್ನೂ. ಓಲೆಯ ಕೊನೆಯಲ್ಲಿರುವ ಆ ಅಂಕಿತವು ವಚನದ ಅಂಕಿತದಷ್ಟು ಪವಿತ್ರವಲ್ಲದಿದ್ದರೂ, ಇಷ್ಟರ ಮಟ್ಟಿಗೆ ಅದರ ನೆಂಟ: ಈ ಮಾತಿಗೆ ಇಂಥವನು ಹೊಣೆ ಎನ್ನುತ್ತದೆ. ಈಗ ಅಭಿಪ್ರಾಯವನ್ನು ಹರಡಲು ಕಾರ್ಡೂ ಬೇಡ, ಕಾಯುವುದೂ ಬೇಡ, ಹೆಸರೂ ಬೇಡವಾಗಿದೆ. ಹೆಸರಿಲ್ಲದ ಮಾತಿಗೆ ಉತ್ತರ ಬರೆಯುವುದಾದರೂ ಯಾರಿಗೆ?

ಇನ್ನು ತರಗತಿಯ ಮಾತು. ಶಾಲೆಗಳಲ್ಲಿ ‘ಪತ್ರಲೇಖನ’ವೆಂಬ ಪ್ರಶ್ನೆಗೆ ಅಂಕಗಳು ಮೀಸಲಾಗಿವೆ. ವಿದ್ಯಾರ್ಥಿಯು ‘ಮಾನ್ಯರೇ’ ಎಂದು ತೊಡಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸಿ, ನಡುವೆ ತಾನೆಂದೂ ಕಾಣದ ಊರಿನ ಕೆಟ್ಟ ರಸ್ತೆಯನ್ನು ಕುರಿತು ಕಂಠಪಾಠದ ಐದು ವಾಕ್ಯಗಳನ್ನು ತುಂಬುತ್ತಾನೆ. ಅಂಕಣ, ದಿನಾಂಕ, ವಿಳಾಸ ಸರಿಯಿದ್ದರೆ ಪೂರ್ಣಾಂಕ. ವಿದ್ಯಾರ್ಥಿಯ ತಪ್ಪು ಇದರಲ್ಲಿ ಏನೂ ಇಲ್ಲ. ಅವನ ಕಣ್ಣನ್ನು ಯಾರೂ ಕೇಳಿಲ್ಲ. ಕೃಷ್ಣರಾಜಪುರದ ಹುಡುಗಿಯೊಬ್ಬಳು ತಮ್ಮ ಬೀದಿಗೆ ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತು ನೀರು ಬಂತೆಂದು ಏಳು ದಿನ ಬರೆದಿಟ್ಟು ಓಲೆ ಬರೆಯಲಿ. ಇಂದಿರಾನಗರದ ಹುಡುಗನು ತಮ್ಮ ರಸ್ತೆಯ ಅಂಗಡಿಗಳ ಹಲಗೆಗಳಲ್ಲಿ ಕನ್ನಡ ಎಷ್ಟರಲ್ಲಿದೆ, ಕಾಗುಣಿತ ಎಷ್ಟರಲ್ಲಿ ಕೆಟ್ಟಿದೆ ಎಂದು ಎಣಿಸಿ ಬರೆಯಲಿ. ನೂರು ಪದಗಳನ್ನು ಮೀರಬಾರದು. ‘ಎಲ್ಲರೂ’, ‘ಯಾವಾಗಲೂ’, ‘ಯಾರೂ ಇಲ್ಲ’ ಎಂಬ ಪದಗಳನ್ನು ಬಳಸುವಂತಿಲ್ಲ. ಈ ಒಂದು ನಿಷೇಧದಿಂದ ಎಷ್ಟು ಓಲೆಗಳು ವಿತಂಡದಿಂದ ವಾದಕ್ಕೆ ಏರುತ್ತವೆಂಬುದನ್ನು ಉಪಾಧ್ಯಾಯರು ಸ್ವತಃ ಕಾಣಬಹುದು.

ಕಟ್ಟಡಕ್ಕೆ ಕಲ್ಲು ಕೊಡುವ ದಾನಿಗಳು ಮಾನ್ಯರು. ಶಾಲೆಯ ವಾಚನಾಲಯಕ್ಕೆ ಒಂದು ವರ್ಷದ ಪತ್ರಿಕೆಯ ಚಂದಾವನ್ನೂ ಒಂದು ಕಟ್ಟು ಅಂಚೆಕಾರ್ಡನ್ನೂ ಕೊಡುವವರ ಹೆಸರು ಕಲ್ಲಿನಲ್ಲಿ ಕೆತ್ತಲ್ಪಡದಿರಬಹುದು. ಆ ದಾನದ ಬೆಲೆಯೂ ಅಲ್ಪವೇ. ಮಕ್ಕಳ ಓಲೆಗಳಲ್ಲಿ ಉತ್ತಮವಾದವನ್ನು ಪತ್ರಿಕೆಗೆ ಕಳುಹಿಸಬೇಕು. ಅಚ್ಚಾಗದಿದ್ದರೆ ಶಾಲೆಯ ಗೋಡೆಪತ್ರಿಕೆಯಲ್ಲಿ ಅಂಟಿಸಿ, ಅದರ ಕೆಳಗೆ ಅಷ್ಟೇ ಅಗಲದ ಖಾಲಿ ಹಾಳೆಯೊಂದನ್ನು ಇಡಬೇಕು. ಒಪ್ಪದ ಇನ್ನೊಬ್ಬ ವಿದ್ಯಾರ್ಥಿ ತನ್ನ ಹೆಸರನ್ನೂ ತರಗತಿಯನ್ನೂ ಬರೆದು ಅಲ್ಲಿ ಉತ್ತರ ಕೊಡಲಿ.