ಪಂದ್ಯದ ಪಥದ ಬದಿಯಲ್ಲಿ ಒಂದು ಲೆಕ್ಕ

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಮೋಟಾರು ಪಂದ್ಯಗಳ ಪಥ ಸಿದ್ಧವಾಯಿತು. ಸೇಲಂ, ಧರ್ಮಪುರಿ ಜಿಲ್ಲೆಗಳಿಂದ ಅಲ್ಲಿಗೆ ಮೋಟಾರ್ ಸೈಕಲ್ ಪಂದ್ಯ ನೋಡಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಹೇಳುತ್ತೇನೆ.

ಗಂಟೆಗೆ 180 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ 50 ಮೀಟರ್ ಕ್ರಮಿಸುತ್ತದೆ. ತಿರುವಿನಲ್ಲಿ ಹಿಡಿತ ತಪ್ಪಿದರೆ ಹೊರಬದಿಗೇ ನುಗ್ಗುತ್ತದೆ. ಯೌವನದಲ್ಲಿ ಎಲ್ಲಿಯೋ ಒಂದು ಪಂದ್ಯದಲ್ಲಿ ನಾನು ಅಂಥ ಹೊರಬದಿಯಲ್ಲೇ ಹಗ್ಗಕ್ಕೆ ಆತು ನಿಂತಿದ್ದೆ. ಜಾರಿದ ವಾಹನವು ಮಾರು ದೂರದಲ್ಲಿ ಬಂದು ನಿಂತಾಗಲೂ ನನ್ನ ಕಾಲು ಕದಲಿರಲಿಲ್ಲ. ಲೆಕ್ಕ ಕಲಿಸುವವನೇ ಲೆಕ್ಕ ಮರೆತಿದ್ದೆ!

ಆದುದರಿಂದ ಬೇಲಿಯ ಹಿಂದೆ, ಪ್ರೇಕ್ಷಕರಿಗೆ ಗೊತ್ತುಮಾಡಿದ ಸ್ಥಳದಲ್ಲೇ ಇರಿ. ಮಕ್ಕಳ ಕೈ ಬಿಡಬೇಡಿರಿ. ಸವಾರನು ಬಿದ್ದರೆ ನೆರವಿಗೆಂದು ಪಥಕ್ಕೆ ಇಳಿಯಬೇಡಿರಿ; ಹಿಂದೆ ಬೇರೆ ವಾಹನಗಳು ಬರುತ್ತಿರುತ್ತವೆ. ಎಲ್ಲರೂ ಕ್ಷೇಮವಾಗಿ ಮನೆ ಸೇರಿದರೆ ಈ ಪಾಠ ಸಾರ್ಥಕ.