ಟಿಲ್ಲರ್ ಮಾರೋಣವೇ?

ನಮ್ಮ ಗದ್ದೆ ಭದ್ರಾವತಿ ಬಳಿ. ಭದ್ರಾ ಕಾಲುವೆ ನೀರು.

ಮನೆಯಲ್ಲಿ ಮಾವನವರ ಹಳೇ ಟಿಲ್ಲರ್ ಇದೆ. ಬೆಂಗಳೂರಿನ ವಿ.ಎಸ್.ಟಿ. ಕಂಪನಿಯದು. ಜಪಾನಿನ ಮಿತ್ಸುಬಿಷಿ ಜೊತೆ 1967ರಲ್ಲಿ ಶುರುವಾದ ಕಂಪನಿ ಅದು.

ತುಕ್ಕು ಹಿಡಿದಿತ್ತು. ಶಿವಮೊಗ್ಗದಿಂದ ಬಿಡಿಭಾಗ ತಂದು ರಿಪೇರಿ ಮಾಡಿದೆವು. ಬಣ್ಣ ಬಳಿದೆವು. ಈಗ ಮದುವಣಗಿತ್ತಿ ಹಾಗಿದೆ!

40,000 ರೂಪಾಯಿಗೆ ಕೇಳಿದರು. ಮಗಳ ಕಾಲೇಜಿಗೆ ಹಣ ಬೇಕು. ಯಜಮಾನರಿಗೆ ಮನಸ್ಸಿಲ್ಲ.

ಲೆಕ್ಕ ಬರೆದೆವು. ಬಾಡಿಗೆ ಟಿಲ್ಲರಿಗೆ ವರ್ಷಕ್ಕೆ 12,000. ನಮ್ಮದರ ಡೀಸೆಲ್, ರಿಪೇರಿ 7,000. ಉಳಿಯೋದು 5,000. 40,000 ಆಗಲು 8 ವರ್ಷ! ಅಲ್ಲಿವರೆಗೆ ಇಂಜಿನ್ ಓಡುತ್ತಾ?

ಆದರೆ ಕಾಲುವೆಗೆ ನೀರು ಬಿಟ್ಟಾಗ ಎಲ್ಲರಿಗೂ ಟಿಲ್ಲರ್ ಬೇಕು. ಬಾಡಿಗೆಗೆ ಸಿಗಬೇಕಲ್ಲ?

ಮಾರೋಣ ಅಂದೆವು. ಆದರೆ ನಾಟಿ ಸಮಯಕ್ಕೆ ಕೊಂಡವರು ಮೊದಲು ನಮ್ಮ ಗದ್ದೆ ಉಳಬೇಕು. ಪತ್ರದಲ್ಲಿ ಬರೆಸಿದೆವು. ನಾವೇ ಓದಿದೆವು. ಆಮೇಲೆ ಸಹಿ ಹಾಕಿದೆವು.