ಕಡಲಾಮೆಯ ಗೂಡು ಕಂಡಾಗ ಮಾಡತಕ್ಕದ್ದೇನು?



ಹೊನ್ನಾವರ, ಕುಂದಾಪುರ ಮೊದಲಾದ ಕಡೆಯ ಮರಳ ದಂಡೆಗಳಿಗೆ ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಇವುಗಳಲ್ಲಿ ಹೆಚ್ಚಿನವು ಆಲಿವ್ ರಿಡ್ಲೆ ಎಂಬ ಜಾತಿಯವು. ಒಡಿಶಾದ ಗಹಿರ್‌ಮಾಥಾ ಮತ್ತು ಋಷಿಕುಲ್ಯಾ ದಂಡೆಗಳಿಗೆ ಇದೇ ಜಾತಿಯ ಆಮೆಗಳು ಸಾವಿರಗಟ್ಟಲೆಯಾಗಿ ಒಟ್ಟಿಗೆ ಬರುತ್ತವೆ. ನಮ್ಮ ಕರಾವಳಿಗೆ ಬರುವವು ಬಿಡಿಬಿಡಿಯಾಗಿ. ಆದ್ದರಿಂದ ಇಲ್ಲಿ ಒಂದೊಂದು ಗೂಡಿಗೂ ಬೆಲೆ ಹೆಚ್ಚು.

ಹಿಂದೆ ಈ ಮೊಟ್ಟೆಗಳನ್ನು ಅಗೆದು ತಿನ್ನುವ, ಮಾರುವ ರೂಢಿಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಆದರೆ ಕಾಪಾಡಬೇಕೆಂದು ಹೊರಟವರ ಕೈಯಿಂದಲೂ ಮೊಟ್ಟೆ ಕೆಡುವುದುಂಟು. ಅದು ಹೇಗೆಂಬುದನ್ನು ತಿಳಿಯೋಣ.

ಗೂಡಿನ ಗುರುತು

ತಾಯಿ ಆಮೆ ರಾತ್ರಿ ಕಡಲಿನಿಂದ ಮೇಲೇರಿ ಬಂದು, ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರರ ಆಸುಪಾಸಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಬೆಳ್ಳಗೆ, ದುಂಡಗೆ ಇರುತ್ತವೆ. ಬಳಿಕ ಮರಳು ಮುಚ್ಚಿ, ಮೈಯಿಂದ ಬಡಿದು ಗಟ್ಟಿ ಮಾಡಿ ಹಿಂದಿರುಗುತ್ತದೆ. ಬೆಳಗ್ಗೆ ನೋಡಿದರೆ ಬಂದ ಜಾಡು, ಹೋದ ಜಾಡು, ನಡುವೆ ಕೆದರಿದ ಮರಳು ಕಾಣುತ್ತದೆ. ಇದೇ ಗೂಡಿನ ಗುರುತು.

ಇದು ಕೋಳಿಮೊಟ್ಟೆಯಂತಲ್ಲ

ಕಾವು ಕೂತ ಹೇಂಟೆ ತನ್ನ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತದೆ. ಹೊರಳಿಸದಿದ್ದರೆ ಮರಿಗೆ ಕೇಡು. ಆಮೆಮೊಟ್ಟೆಯ ರೀತಿ ಇದಕ್ಕೆ ತೀರಾ ವಿರುದ್ಧ. ಇಟ್ಟ ಕೆಲವು ಗಂಟೆಗಳಲ್ಲಿಯೇ ಒಳಗಿನ ಪಿಂಡವು ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಹೊರಳಿಸಿದರೆ, ಅಲುಗಾಡಿಸಿದರೆ ಪಿಂಡ ಸಾಯುತ್ತದೆ. ಬೆಳಗ್ಗೆ ಗೂಡು ಕಂಡವರು ಮರುಕದಿಂದ ಮೊಟ್ಟೆಗಳನ್ನು ಬಕೆಟ್ಟಿಗೆ ತುಂಬಿ ಮನೆಗೆ ತಂದರೆ, ಹೊರಗೆ ಚೆನ್ನಾಗಿ ಕಂಡ ಮೊಟ್ಟೆ ಒಳಗೆ ಸತ್ತಿರುತ್ತದೆ.

ಕಾವು ಕೊಡುವುದು ಮರಳಿನ ಬಿಸಿ. ಮರಿ ಹೊರಬರಲು 45ರಿಂದ 60 ದಿನ ಬೇಕು. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಚ್ಚಾಗಿ ಹೆಣ್ಣು ಮರಿಗಳು, ತಂಪಾಗಿದ್ದರೆ ಗಂಡು ಮರಿಗಳು ಆಗುತ್ತವೆ. ಆದ್ದರಿಂದ ದಂಡೆಯ ಅಂಚಿನವರೆಗೂ ಗಾಳಿಮರ ನೆಟ್ಟು ನೆರಳು ಮಾಡುವುದು ಸಹ ಗೂಡಿನ ಮೇಲೆ ಪರಿಣಾಮ ಮಾಡುತ್ತದೆ.

ಮರಿಗಳ ದಾರಿ

ಮರಿಗಳು ಸಾಮಾನ್ಯವಾಗಿ ರಾತ್ರಿ ಹೊರಬಂದು, ಬೆಳಕು ಹೆಚ್ಚು ಕಂಡ ಕಡೆಗೆ ಓಡುತ್ತವೆ. ಕತ್ತಲೆಯ ದಂಡೆಯಲ್ಲಿ ಆ ಬೆಳಕು ಕಡಲಿನದು. ತೋಟದ ಮನೆಯ ದೀಪವೋ ರಸ್ತೆಯ ದೀಪವೋ ಎದುರಿಗಿದ್ದರೆ ಅವು ದಾರಿ ತಪ್ಪಿ ನಾಯಿ, ಕಾಗೆಗಳ ಪಾಲಾಗುತ್ತವೆ. ಮರಿಗಳನ್ನು ಮಕ್ಕಳಿಗೆ ತೋರಿಸಲು ತೊಟ್ಟಿಯಲ್ಲಿಡುವುದೂ ತಪ್ಪು. ಹುಟ್ಟುವಾಗ ಅವುಗಳ ಒಡಲಲ್ಲಿ ಉಳಿದಿರುವ ಹಳದಿಯೇ ಆಳದ ನೀರನ್ನು ತಲುಪುವವರೆಗಿನ ಬುತ್ತಿ. ತೊಟ್ಟಿಯಲ್ಲಿ ಈಜಿ ಆ ಬುತ್ತಿ ಮುಗಿದರೆ ಕಡಲಲ್ಲಿ ಬಲವಿರುವುದಿಲ್ಲ.

ಮಾಡತಕ್ಕ ಕೆಲಸಗಳು

1. ಗೂಡನ್ನು ಅಗೆಯಬೇಡಿ. ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಿರಿ.

2. ಅವರು ಬರುವ ತನಕ ಒಬ್ಬರು ಕಾವಲಿದ್ದು, ನಾಯಿಗಳನ್ನು ದೂರವಿಡಿರಿ.

3. ಅಲೆ ಬಡಿಯುವಷ್ಟು ತಗ್ಗಿನಲ್ಲಿ ಗೂಡಿದ್ದರೆ ಸ್ಥಳಾಂತರಿಸಬೇಕೋ ಬೇಡವೋ ಎಂಬುದನ್ನು ತರಬೇತಿ ಪಡೆದವರೇ ತೀರ್ಮಾನಿಸಲಿ.

4. ಕಡಲಿಗೆ ಮುಖಮಾಡಿದ ದೀಪಗಳನ್ನು ಈ ತಿಂಗಳುಗಳಲ್ಲಿ ರಾತ್ರಿ ಆರಿಸಿರಿ, ಇಲ್ಲವೇ ಮರೆಮಾಡಿರಿ.

5. ದಂಡೆಯ ಮರಳನ್ನು ತೆಗೆಯಬೇಡಿ. ಮರಳ ದಿಬ್ಬ ಉಳಿದರೆ ಆಮೆಗೆ ಗೂಡಿನ ಜಾಗ, ನಮ್ಮ ತೆಂಗಿನ ತೋಟಕ್ಕೆ ಕಡಲ ಹೊಡೆತದಿಂದ ಆಸರೆ.

6. ಊರಿನ ಶಾಲೆ ಅಥವಾ ಯುವಕ ಸಂಘದಲ್ಲಿ ಒಂದು ಪುಸ್ತಕವಿಡಿರಿ. ಜಾಡು ಕಂಡ ದಿನ, ಸ್ಥಳ, ಅಲೆಯ ಗೆರೆಯಿಂದ ಗೂಡಿಗೆ ಎಷ್ಟು ಹೆಜ್ಜೆ, ಮರಿ ಹೊರಬಂದ ದಿನ, ಇವಿಷ್ಟನ್ನು ಬರೆದಿಡಿರಿ. ನಾಲ್ಕಾರು ವರ್ಷದ ಲೆಕ್ಕ ಸೇರಿದರೆ ಯಾವ ದಂಡೆಗೆ, ಯಾವಾಗ ಕಾವಲು ಬೇಕೆಂಬುದು ಊರಿಗೇ ತಿಳಿಯುತ್ತದೆ.

ಸಾವಿರ ಮರಿಗಳಲ್ಲಿ ಒಂದೋ ಎರಡೋ ಮಾತ್ರ ಬೆಳೆದು ದೊಡ್ಡದಾಗುತ್ತವೆಂದು ಬಲ್ಲವರ ಅಂದಾಜು. ಹೆಣ್ಣಾಮೆಯು ಹತ್ತು ಹದಿನೈದು ವರ್ಷಗಳ ಬಳಿಕ, ತಾನು ಹುಟ್ಟಿದ ಕರಾವಳಿಗೇ ಮೊಟ್ಟೆಯಿಡಲು ಮರಳುತ್ತದೆ. ಈ ವರ್ಷ ನಾವು ಮುಟ್ಟದೆ ಬಿಟ್ಟ ಗೂಡಿನ ಫಲವನ್ನು ನಮ್ಮ ಮಕ್ಕಳು ಕಾಣುವರು.